ಗೋಧಿ ಬಿಡುವ ಮೊದಲು ಒಂದು ರಕ್ತ ಪರೀಕ್ಷೆ

ಥೈರಾಯ್ಡ್ ಇದೆಯೇ? ಗೋಧಿ ಬಿಡಿ. ಗಂಟು ನೋವೇ? ಗೋಧಿ ಬಿಡಿ. ಮಗುವಿಗೆ ಸಕ್ಕರೆ ಕಾಯಿಲೆಯೇ? ಅದಕ್ಕೂ ಗೋಧಿಯೇ ಕಾರಣ, ಅದರಲ್ಲಿರುವ ಗ್ಲುಟೆನ್ ಎಂಬ ವಿಷವೇ ಕಾರಣ. ಇಂಥದ್ದೊಂದು ಸಂದೇಶ ನಿಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಬಂದಿರದಿದ್ದರೆ ಈ ವಾರವೋ ಮುಂದಿನ ವಾರವೋ ದುಬೈಯಿಂದಲೋ ದಮ್ಮಾಮಿನಿಂದಲೋ ಯಾರಾದರೂ ಕಳುಹಿಸುತ್ತಾರೆ.

ಇದು ಪೂರ್ತಿ ಸುಳ್ಳಾಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಇದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಸತ್ಯವೇ ನಮ್ಮ ಮನೆಗಳಲ್ಲಿ ಹಾನಿ ಮಾಡುತ್ತಿದೆ. ಪರೀಕ್ಷೆ ಮಾಡಿಸಲೇಬೇಕಾದವರು ಪರೀಕ್ಷೆ ಮಾಡಿಸದೆ ಗೋಧಿ ಬಿಡುತ್ತಾರೆ. ಗೋಧಿಗೂ ತಮ್ಮ ಕಾಯಿಲೆಗೂ ಸಂಬಂಧವೇ ಇಲ್ಲದವರು ಗೋಧಿಯ ಜೊತೆಗೆ ಮಾತ್ರೆಯನ್ನೂ ಬಿಡುತ್ತಾರೆ.

ನಾನು ವೈದ್ಯೆಯಲ್ಲ. ಹಲವು ವರ್ಷ ಲ್ಯಾಬಿನಲ್ಲಿ ಕೂತು ರಕ್ತ ತೆಗೆದವಳು. ಸೂಜಿಗೆ ಕೈ ಚಾಚಿ ಕೂತಾಗ ಜನ ಡಾಕ್ಟರಿಗೆ ಹೇಳದ್ದನ್ನೂ ಹೇಳುತ್ತಾರೆ. ಹಾಗೆ ಕೇಳಿದ ಎರಡು ಸಂಗತಿಗಳನ್ನು ಮೊದಲು ಹೇಳುತ್ತೇನೆ.

ಕಾಪು ಕಡೆಯ ಒಂದು ಮನೆಯ ಹುಡುಗಿ. ಹನ್ನೊಂದರ ಪ್ರಾಯ. ಮೂರು ವರ್ಷಗಳಿಂದ ಟೈಪ್ 1 ಮಧುಮೇಹ, ಅಂದರೆ ದಿನಾ ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕಾದ ಮಕ್ಕಳ ಸಕ್ಕರೆ ಕಾಯಿಲೆ. ಒಂದು ವರ್ಷದಿಂದ ಎತ್ತರ ಏರುತ್ತಿರಲಿಲ್ಲ, ಹೊಟ್ಟೆ ಉಬ್ಬರ, ಅದೇ ಪ್ರಮಾಣದ ಇನ್ಸುಲಿನ್‌ಗೆ ಸಕ್ಕರೆ ಇದ್ದಕ್ಕಿದ್ದಂತೆ ಇಳಿದು ಬೆವರಿ ಬೀಳುವುದು. ಗಲ್ಫಿನಲ್ಲಿರುವ ಮಾಮಿ ಸಂದೇಶ ಕಳುಹಿಸಿದರು. ಮನೆಯಲ್ಲಿ ಗೋಧಿ, ಮೈದಾ ಎಲ್ಲ ಬಂದ್ ಆಯಿತು. ಹೊಟ್ಟೆ ಕೆಲವೇ ವಾರಗಳಲ್ಲಿ ಸರಿಯಾಯಿತು! ಐದು ತಿಂಗಳ ಬಳಿಕ ಇನ್ಸುಲಿನ್ ಲೆಕ್ಕಕ್ಕೆಂದು ಡಾಕ್ಟರ ಬಳಿ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಗೋಧಿ ಬಿಡುವ ಮೊದಲು ಪರೀಕ್ಷೆ ಮಾಡಿಸಿದ್ದೀರಾ?" ಮಾಡಿಸಿರಲಿಲ್ಲ. ಈಗ ರಕ್ತ ಪರೀಕ್ಷೆ ಮಾಡಿದರೆ ಏನೂ ಸಿಗಲಿಕ್ಕಿಲ್ಲ, ಮತ್ತೆ ಕೆಲವು ವಾರ ದಿನಾ ಚಪಾತಿ ತಿನ್ನಿಸಿ ಕರೆದುಕೊಂಡು ಬನ್ನಿ ಎಂದರು. ಗುಣವಾದ ಹೊಟ್ಟೆಯನ್ನು ಮತ್ತೆ ಬೇಕೆಂದೇ ಕೆಡಿಸಬೇಕು. ಆ ಹುಡುಗಿ ಚಪಾತಿಯ ತಟ್ಟೆಯ ಮುಂದೆ ಕೂತು ಅಳುತ್ತಿದ್ದಳೆಂದು ಅವಳ ಉಮ್ಮ ಹೇಳುವಾಗ ತಾನೂ ಅತ್ತರು.

ಇನ್ನೊಬ್ಬರು ಕಾರ್ಕಳ ತಾಲೂಕಿನವರು, ಮದುವೆಯಾಗಿ ಎರಡು ವರ್ಷ. ಥೈರಾಯ್ಡ್ ಗ್ರಂಥಿಯ ಆಟೋಇಮ್ಯೂನ್ ಕಾಯಿಲೆ ಇತ್ತು. ಗೋಧಿ ಬಿಟ್ಟರೆ ಬೇರಿನಿಂದಲೇ ವಾಸಿಯಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಗೋಧಿಯನ್ನೂ ಬಿಟ್ಟರು, ಬೆಳಿಗ್ಗಿನ ಮಾತ್ರೆಯನ್ನೂ ಬಿಟ್ಟರು. ಗರ್ಭಿಣಿಯಾಗಿ ಮೂರನೇ ತಿಂಗಳಲ್ಲಿ ರಕ್ತ ಕೊಡಲು ಬಂದಾಗ ವರದಿಯಲ್ಲಿ ಬಂದ ಸಂಖ್ಯೆ ನೋಡಿ ನಾನು ಯಂತ್ರ ತಪ್ಪಿತೇನೋ ಎಂದು ಎರಡನೇ ಸಲ ಓಡಿಸಿದೆ. ತಪ್ಪಿರಲಿಲ್ಲ. ಗರ್ಭದ ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯಲು ತಾಯಿಯ ಥೈರಾಯ್ಡ್ ಹಾರ್ಮೋನೇ ಬೇಕು. ಮಗುವಿನ ಸ್ವಂತ ಗ್ರಂಥಿ ಆಗಿನ್ನೂ ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ.

ಹಾಗಾದರೆ ಸತ್ಯವಾದ ಅರ್ಧ ಯಾವುದು?

ಗ್ಲುಟೆನ್ ಗೋಧಿಯಲ್ಲಿರುವ ಪ್ರೋಟೀನು. ಪರೋಟದ ಹಿಟ್ಟನ್ನು ಬೀಸಿ ಎಳೆದರೂ ಹರಿಯದೆ ಬಟ್ಟೆಯಂತೆ ತೆಳ್ಳಗಾಗುವುದು ಅದರಿಂದಲೇ. ಅಕ್ಕಿ ಹಿಟ್ಟಿಗೆ ಆ ಗುಣವಿಲ್ಲ, ಪತ್ತಿರ್ ತಟ್ಟುವ ನಿಮಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಬಾರ್ಲಿ ಮತ್ತು ರೈ ಧಾನ್ಯಗಳಲ್ಲೂ ಇದೇ ಜಾತಿಯ ಪ್ರೋಟೀನು ಇದೆ. ನಮ್ಮ ಹೊಟ್ಟೆ ಇದನ್ನು ಪೂರ್ತಿ ಒಡೆದು ಜೀರ್ಣಿಸುವುದಿಲ್ಲ, ಕೆಲವು ತುಣುಕುಗಳು ಹಾಗೆಯೇ ಉಳಿಯುತ್ತವೆ. ಬಹುತೇಕ ಜನರಿಗೆ ಅದರಿಂದ ಏನೂ ಆಗದು. ಆದರೆ ಹುಟ್ಟಿನಿಂದಲೇ ಡಿಕ್ಯೂ 2 ಅಥವಾ ಡಿಕ್ಯೂ 8 ಎಂಬ ವಂಶವಾಹಿ ಇರುವವರಲ್ಲಿ ಕೆಲವರಿಗೆ ಈ ತುಣುಕುಗಳು ಶತ್ರುಗಳಂತೆ ಕಾಣುತ್ತವೆ. ದೇಹದ ಕಾವಲು ಪಡೆ ಅವುಗಳ ಮೇಲೆ ಬೀಳುತ್ತದೆ. ಅಷ್ಟೇ ಅಲ್ಲ, ಕರುಳಿನಲ್ಲೇ ಇರುವ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ನಮ್ಮದೇ ಕಿಣ್ವದ ಮೇಲೂ ಬೀಳುತ್ತದೆ. ದಾಳಿಯ ಗುರಿ ಈ ಕಿಣ್ವವೆಂದು ಜರ್ಮನಿಯ ಸಂಶೋಧಕರು ಕಂಡುಹಿಡಿದದ್ದು 1997ರಲ್ಲಿ. ಈ ಜಗಳದಲ್ಲಿ ಸಣ್ಣ ಕರುಳಿನ ಒಳಮೈಯ ಬೆರಳಿನಂಥ ಮಡಿಕೆಗಳು ಸವೆದು ಬೋಳಾಗುತ್ತವೆ. ಉಂಡದ್ದರ ಕಬ್ಬಿಣ, ಸುಣ್ಣ, ವಿಟಮಿನ್ ಮೈಗೆ ಹತ್ತುವುದಿಲ್ಲ. ಇದಕ್ಕೆ ಸೀಲಿಯಾಕ್ ಕಾಯಿಲೆ ಎಂದು ಹೆಸರು. ಇದೇ ಒಂದು ಆಟೋಇಮ್ಯೂನ್ ರೋಗ.

ಕಾರಣ ಗೋಧಿ ಎಂದು ಗೊತ್ತಾದ ಕತೆ ದುಃಖದ್ದು. 1944-45ರ ಚಳಿಗಾಲದಲ್ಲಿ, ಯುದ್ಧದ ನಡುವೆ, ನೆದರ್ಲೆಂಡ್ಸಿನಲ್ಲಿ ಜನ ಹಸಿವಿನಿಂದ ಸತ್ತರು. ರೊಟ್ಟಿ ಇರಲಿಲ್ಲ. ಆದರೆ ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯರು ನೋಡುತ್ತಿದ್ದ ಸೀಲಿಯಾಕ್ ಮಕ್ಕಳು ಆ ಬರದಲ್ಲೇ ಸುಧಾರಿಸಿದರು. ರೊಟ್ಟಿ ಮತ್ತೆ ಬಂದಾಗ ಮತ್ತೆ ಸೊರಗಿದರು. ಮೊದಲೇ ಇದ್ದ ಸಂಶಯವನ್ನು ಅವರು ಪರೀಕ್ಷಿಸಿ 1950ರಲ್ಲಿ ಪ್ರಬಂಧವಾಗಿ ಬರೆದರು.

ಈಗ ಸಂಬಂಧದ ಮಾತು. ಟೈಪ್ 1 ಮಧುಮೇಹವಿರುವ ನೂರು ಮಕ್ಕಳಲ್ಲಿ ಸುಮಾರು ಐದಾರು ಮಂದಿಗೆ ಸೀಲಿಯಾಕ್ ಕೂಡ ಇರುತ್ತದೆ. ಆಟೋಇಮ್ಯೂನ್ ಥೈರಾಯ್ಡ್ ಇರುವ ನೂರರಲ್ಲಿ ಎರಡರಿಂದ ಐದು ಮಂದಿಗೆ. ಇದು ಹೊರದೇಶಗಳಲ್ಲಿ ಹೆಚ್ಚಾಗಿ ಮಾಡಿದ ಲೆಕ್ಕ, ಆದರೂ ದಾರಿ ಎತ್ತ ಎಂದು ತೋರಿಸುತ್ತದೆ. ಅದಕ್ಕೇ ಟೈಪ್ 1 ಗೊತ್ತಾದ ಮಕ್ಕಳಿಗೆ ಆಗಲೇ ಒಮ್ಮೆ, ಎರಡನೇ ವರ್ಷಕ್ಕೊಮ್ಮೆ, ಐದನೇ ವರ್ಷಕ್ಕೊಮ್ಮೆ ಸೀಲಿಯಾಕ್ ಪರೀಕ್ಷೆ ಮಾಡಿಸಬೇಕೆಂದು ಮಕ್ಕಳ ಮಧುಮೇಹದ ಅಂತಾರಾಷ್ಟ್ರೀಯ ವೈದ್ಯರ ಸಂಘ ಹೇಳುತ್ತದೆ. ಲಕ್ಷಣ ಏನೂ ಇಲ್ಲದಿದ್ದರೂ ಮಾಡಿಸಬೇಕು.

ಆದರೆ ಎರಡು ಕಾಯಿಲೆ ಒಟ್ಟಿಗೆ ಇರುತ್ತವೆ ಎಂದರೆ ಒಂದು ಇನ್ನೊಂದನ್ನು ಹುಟ್ಟಿಸಿತು ಎಂದಲ್ಲ. ಒಂದೇ ಬಾವಿಯ ನೀರು ಎರಡು ಗದ್ದೆಗೂ ಹೋಗುತ್ತದೆ, ಅಷ್ಟಕ್ಕೇ ಒಂದು ಗದ್ದೆ ಇನ್ನೊಂದಕ್ಕೆ ನೀರು ಕೊಟ್ಟಿತೆಂದು ಹೇಳುವುದುಂಟೇ? ಡಿಕ್ಯೂ 2, ಡಿಕ್ಯೂ 8 ವಂಶವಾಹಿಗಳು ಟೈಪ್ 1 ಮಧುಮೇಹಕ್ಕೂ ಬಾವಿಯಂತಿವೆ. ಜರ್ಮನಿಯಲ್ಲಿ ಮಧುಮೇಹದ ಅಪಾಯವಿರುವ 150 ಹಸುಗೂಸುಗಳ ಮೇಲೆ ಒಂದು ಪ್ರಯೋಗ ಮಾಡಿದರು. ಅರ್ಧ ಮಕ್ಕಳಿಗೆ ಆರು ತಿಂಗಳಿಗೆ ಗ್ಲುಟೆನ್ ಇರುವ ಆಹಾರ ಕೊಡಲಾರಂಭಿಸಿದರು, ಉಳಿದ ಅರ್ಧಕ್ಕೆ ಒಂದು ವರ್ಷ ತುಂಬುವ ತನಕ ಕೊಡಲಿಲ್ಲ. ತಡಮಾಡಿದ್ದರಿಂದ ಮಧುಮೇಹದ ಆಟೋಇಮ್ಯೂನ್ ಗುರುತುಗಳು ಕಡಿಮೆಯಾಗಲಿಲ್ಲ. ಸೀಲಿಯಾಕ್ ಇರುವವರು ಹೆಚ್ಚು ವರ್ಷ ಗೋಧಿ ತಿಂದಷ್ಟೂ ಬೇರೆ ಆಟೋಇಮ್ಯೂನ್ ರೋಗಗಳು ಹೆಚ್ಚು ಎಂದು ಇಟಲಿಯ ಒಂದು ಅಧ್ಯಯನ 1999ರಲ್ಲಿ ಹೇಳಿತು. ಆಮೇಲಿನ ಅಧ್ಯಯನಗಳಲ್ಲಿ ಎಲ್ಲವೂ ಅದನ್ನು ಒಪ್ಪಲಿಲ್ಲ.

ಇನ್ನು ಸೀಲಿಯಾಕ್ ಇಲ್ಲ, ಆದರೆ ಗೋಧಿ ತಿಂದರೆ ಹೊಟ್ಟೆ ಉಬ್ಬುತ್ತದೆ, ತಲೆ ಭಾರ, ಮೈ ಸೋತಂತೆ ಎನ್ನುವವರು. ಇವರನ್ನು ಗ್ಲುಟೆನ್ ಸಂವೇದನೆ ಇರುವವರು ಎನ್ನುತ್ತಾರೆ. ಇವರ ಕಷ್ಟ ಕಲ್ಪನೆಯಲ್ಲ, ದಯವಿಟ್ಟು ಮನೆಯಲ್ಲಿ ನಗಬೇಡಿ. ಆದರೆ ದೋಷ ಗ್ಲುಟೆನ್ನಿನದೇ ಎಂದು ಹೇಳುವುದು ಕಷ್ಟ. ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದವರು 2013ರಲ್ಲಿ ಇಂಥ 37 ಮಂದಿಯ ಊಟದಿಂದ ಮೊದಲು ಹೊಟ್ಟೆಯಲ್ಲಿ ಹುಳಿತು ವಾಯು ಮಾಡುವ ಕೆಲವು ಬಗೆಯ ಶರ್ಕರಗಳನ್ನು ತೆಗೆದರು. ಎಲ್ಲರಿಗೂ ಆರಾಮವಾಯಿತು. ಆಮೇಲೆ ಅವರಿಗೆ ತಿಳಿಯದಂತೆ ಗ್ಲುಟೆನ್ ಕೊಟ್ಟು ನೋಡಿದರೆ ಗ್ಲುಟೆನ್ನಿಂದಲೇ ಎನ್ನುವಂಥ ತೊಂದರೆ ಕಾಣಲಿಲ್ಲ. ಗೋಧಿಯಲ್ಲಿ ಆ ಶರ್ಕರವೂ ಇದೆ, ಈರುಳ್ಳಿ ಬೆಳ್ಳುಳ್ಳಿಯಲ್ಲೂ ಇದೆ. ಬಿರಿಯಾನಿ ಉಂಡ ರಾತ್ರಿ ಹೊಟ್ಟೆ ಉಬ್ಬಿದರೆ ಅಕ್ಕಿಯನ್ನು ಬಯ್ಯುವ ಮೊದಲು ಎಷ್ಟು ಕಿಲೋ ಈರುಳ್ಳಿ ಹುರಿದಿರಿ ಎಂದು ಲೆಕ್ಕ ಹಾಕಿ.

ಆದರೂ ನ್ಯಾಯಕ್ಕೆ ಇನ್ನೊಂದು ಮಾತು ಹೇಳಬೇಕು. ಇಟಲಿಯ ಸಿಸಿಲಿ ದ್ವೀಪದ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೀಲಿಯಾಕ್ ಇಲ್ಲದ ಗೋಧಿ ಸಂವೇದನೆಯವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಯಾವುದಾದರೂ ಆಟೋಇಮ್ಯೂನ್ ರೋಗವಿತ್ತು, ಹೆಚ್ಚಿನದು ಥೈರಾಯ್ಡ್. ವಾಟ್ಸಾಪಿನವರು ಹಿಡಿದುಕೊಂಡಿರುವುದು ಇಂಥದ್ದನ್ನೇ. ಆದರೆ ಅವರು ದೊಡ್ಡಾಸ್ಪತ್ರೆಗೆ ತೊಂದರೆ ಹೊತ್ತು ಬಂದವರು. ಗೋಧಿ ಬಿಟ್ಟು ಅವರ ಥೈರಾಯ್ಡ್ ಗುಣವಾಯಿತೆಂದು ಆ ಅಧ್ಯಯನ ಹೇಳುವುದಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಗೋಧಿ ತಿಂದರೆ ನಿಮಗೆ ತೊಂದರೆಯಾಗುತ್ತಿದ್ದರೆ ಥೈರಾಯ್ಡನ್ನೂ ಸೀಲಿಯಾಕನ್ನೂ ಪರೀಕ್ಷೆ ಮಾಡಿಸಲು ಇದು ಒಳ್ಳೆಯ ಕಾರಣ. ಮಾತ್ರೆ ಬಿಡಲು ಕಾರಣವಲ್ಲ.

"ಇದು ಪಂಜಾಬಿಗಳ ಕಾಯಿಲೆ, ನಮಗೆಲ್ಲಿಂದ?" ಎಂದು ನೀವು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. 2016ರಲ್ಲಿ ನಮ್ಮದೇ ದೇಶದ ವೈದ್ಯರು ಒಂದು ದೊಡ್ಡ ಸಮೀಕ್ಷೆ ಪ್ರಕಟಿಸಿದರು. ಹರಿಯಾಣ, ಅಸ್ಸಾಂ ಮತ್ತು ತಮಿಳುನಾಡಿನ ವೆಲ್ಲೂರಿನ ಕಡೆ ಒಟ್ಟು 23,331 ವಯಸ್ಕರ ರಕ್ತ ನೋಡಿದರು. ಸೀಲಿಯಾಕ್‌ನ ಗುರುತು ಉತ್ತರದಲ್ಲಿ ನೂರಕ್ಕೆ 1.23 ಮಂದಿಗೆ, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ ಕೇವಲ 0.10. ಇಷ್ಟು ಓದಿ ಸಮಾಧಾನಪಟ್ಟುಕೊಳ್ಳಬಹುದಿತ್ತು. ಆದರೆ ಅವರು ವಂಶವಾಹಿಯನ್ನೂ ನೋಡಿದರು. ಅದು ಮೂರೂ ಕಡೆ ಸುಮಾರು ಒಂದೇ ಪ್ರಮಾಣದಲ್ಲಿತ್ತು, ಮೂವರಲ್ಲಿ ಒಬ್ಬರಿಗೆ. ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ.

ಈಗ ನಮ್ಮ ತಟ್ಟೆ ನೋಡಿಕೊಳ್ಳಿ. ನಮ್ಮ ಅಜ್ಜಿಯರ ಕಾಲದಲ್ಲಿ ಉಡುಪಿ, ಕಾಪು, ಕಾರ್ಕಳದ ಮನೆಗಳಲ್ಲಿ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಅಥವಾ ನೀರುದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಪತ್ತಿರ್ ಅಥವಾ ಮತ್ತೆ ಅನ್ನ. ಗೋಧಿ ಹಬ್ಬಕ್ಕೆ, ನೆಂಟರಿಗೆ. ಇವತ್ತು ಬೆಳಿಗ್ಗೆ ಬ್ರೆಡ್ಡು, ಸಂಜೆ ಸಮೋಸ ಅಥವಾ ಬನ್ಸ್, ರಾತ್ರಿ ಪಾರ್ಸೆಲ್ ಪರೋಟ. ಗಲ್ಫಿನಿಂದ ಬಂದವರಿಗೆ ಕುಬ್ಬೂಸ್ ಇಲ್ಲದೆ ಆಗದು. ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಬಂತೆಂದರೆ ಇಡೀ ಮನೆಗೆ ರಾತ್ರಿ ಚಪಾತಿ. ನಮ್ಮ ಮೈಯಲ್ಲಿ ಆ ವಂಶವಾಹಿ ಮೊದಲಿನಿಂದಲೂ ಇತ್ತು, ಅದರ ಮುಂದೆ ಗೋಧಿ ಇಟ್ಟಿರಲಿಲ್ಲ. ವಂಶವಾಹಿ ಇರುವ ಬಹುಪಾಲು ಜನರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ ಎನ್ನುವುದೂ ನಿಜ, ಹೆದರಬೇಡಿ. ಆದರೆ ನಮ್ಮ ಊರಿನಲ್ಲಿ ಇದು ಇಲ್ಲವೇ ಇಲ್ಲ ಎಂಬ ಧೈರ್ಯವನ್ನು ನಾವೂ ಬಿಡಬೇಕು, ನಮ್ಮ ಕುಟುಂಬ ವೈದ್ಯರೂ ಬಿಡಬೇಕು.

ಯಾರು ಕೇಳಬೇಕು? ಟೈಪ್ 1 ಮಧುಮೇಹದ ಮಗು ಇರುವ ತಂದೆತಾಯಿ ಮೊದಲು. ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ನುಂಗಿದರೂ ರಕ್ತ ಏರದ ಹೆಂಗಸರು. ನಮ್ಮಲ್ಲಿ ಇದನ್ನು "ಹೆಣ್ಣುಮಕ್ಕಳಿಗೆ ಇದೆಲ್ಲ ಇದ್ದದ್ದೇ" ಎಂದು ಬಿಟ್ಟುಬಿಡುವ ಅಭ್ಯಾಸವಿದೆ, ಅದು ನನಗೆ ಯಾವತ್ತೂ ಸಿಟ್ಟು ತರಿಸುವ ಮಾತು. ಓರಗೆಯವರಷ್ಟು ಎತ್ತರ ಬೆಳೆಯದ ಮಕ್ಕಳು, ಬಹಳ ದಿನ ಬಿಡದ ಭೇದಿ ಅಥವಾ ಹೊಟ್ಟೆ ಉಬ್ಬರ, ಚಿಕ್ಕ ಪ್ರಾಯದಲ್ಲೇ ಮೂಳೆ ಸವೆತ, ಕಾರಣ ಸಿಗದ ಪದೇಪದೇ ಗರ್ಭಪಾತ. ಸೀಲಿಯಾಕ್ ಇದೆಯೆಂದು ಗೊತ್ತಾದವರ ತಂದೆತಾಯಿ, ಒಡಹುಟ್ಟಿದವರು, ಮಕ್ಕಳೂ ಪರೀಕ್ಷೆ ಮಾಡಿಸಬೇಕು, ಅವರಿಗೆ ಲಕ್ಷಣ ಇರಲಿ ಇಲ್ಲದಿರಲಿ.

ಪರೀಕ್ಷೆಯ ಹೆಸರು ಟಿಟಿಜಿ ಐಜಿಎ. ಅದರ ಜೊತೆಗೆ ಒಟ್ಟು ಐಜಿಎ ಎಷ್ಟಿದೆ ಎಂದೂ ನೋಡಬೇಕು, ಏಕೆಂದರೆ ಕೆಲವರಿಗೆ ಐಜಿಎ ಹುಟ್ಟಿನಿಂದಲೇ ಇರುವುದಿಲ್ಲ, ಅವರಿಗೆ ಮೊದಲನೆಯದು ಸುಳ್ಳು ಹೇಳುತ್ತದೆ. ಚೀಟಿಯಲ್ಲಿ ಬರೆದುಕೊಂಡು ಡಾಕ್ಟರಲ್ಲಿ ಕೇಳಿ, ನಾಚಿಕೆ ಬೇಡ. ರಕ್ತವನ್ನು ಕಾಪುವಿನಲ್ಲೋ ಕಾರ್ಕಳದಲ್ಲೋ ಕೊಡಬಹುದು. ಗುರುತು ಬಂದರೆ ದೊಡ್ಡವರಿಗೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ನೋಡಬೇಕಾಗುತ್ತದೆ. ಅದಕ್ಕೆ ಜಠರ ಮತ್ತು ಕರುಳಿನ ವಿಭಾಗವಿರುವ ಆಸ್ಪತ್ರೆ ಬೇಕು. ನಮ್ಮ ಜಿಲ್ಲೆಯವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಹತ್ತಿರದ್ದು. ಕಾರ್ಕಳದವರಿಗೆ ಹಿರಿಯಡ್ಕ, ಪರ್ಕಳದ ದಾರಿಯ ಬಸ್ಸು ಸಾಕು. ಮಕ್ಕಳಲ್ಲಿ ರಕ್ತದ ಗುರುತು ಬಹಳ ಹೆಚ್ಚಿದ್ದರೆ ಕೆಲವೊಮ್ಮೆ ಚೂರು ತೆಗೆಯದೆಯೂ ನಿರ್ಧರಿಸುತ್ತಾರೆ, ಅದನ್ನು ಡಾಕ್ಟರಿಗೆ ಬಿಡಿ. ನೂರಾರು ಆಹಾರಗಳಿಗೆ ಒಂದೇ ಸಲ "ಅಸಹನೆ" ಪರೀಕ್ಷೆ ಮಾಡುತ್ತೇವೆಂದು ಸಾವಿರಾರು ರೂಪಾಯಿ ಕೇಳುವ ಐಜಿಜಿ ಪರೀಕ್ಷೆಗಳಿಗೆ ಹಣ ಕೊಡಬೇಡಿ. ನೀವು ಏನು ತಿಂದಿದ್ದೀರೆಂದು ಅವು ಹೇಳಬಹುದು, ನಿಮಗೆ ಯಾವುದು ಆಗದು ಎಂದಲ್ಲ.

ಮುಖ್ಯ ಮಾತು ಮತ್ತೊಮ್ಮೆ: ಈ ಪರೀಕ್ಷೆಗೆ ಗೋಧಿ ತಿನ್ನುತ್ತಿರಬೇಕು. ಬಿಟ್ಟು ತಿಂಗಳುಗಳಾದರೆ ರಕ್ತದ ಗುರುತು ಇಳಿಯುತ್ತದೆ, ಕರುಳು ಮತ್ತೆ ಚಿಗುರುತ್ತದೆ, ವರದಿ "ಏನೂ ಇಲ್ಲ" ಎನ್ನುತ್ತದೆ. ದಿನಾ ಅನ್ನವನ್ನೇ ಉಣ್ಣುವವರೂ ಇದನ್ನು ಡಾಕ್ಟರಿಗೆ ಹೇಳಬೇಕು.

"ಪರೀಕ್ಷೆ ಯಾಕೆ, ಬಿಟ್ಟರೆ ಆರಾಮ ಆಗುತ್ತದಲ್ಲ?" ಎನ್ನುವವರಿಗೆ ನನ್ನ ಉತ್ತರ ಇದು. ಸೀಲಿಯಾಕ್ ಇದ್ದರೆ ಬಿಡುವುದು ಜೀವಮಾನ ಪೂರ್ತಿ, ಒಂದು ಚೂರೂ ಬಾಯಿಗೆ ಹೋಗದಂತೆ. ಇಲ್ಲದಿದ್ದರೆ ಆ ಕಟ್ಟುನಿಟ್ಟು ಬೇಕಿಲ್ಲ. ಯಾವುದೆಂದು ತಿಳಿಯದೆ ಇದ್ದರೆ ಮದುವೆ ಮನೆಯಲ್ಲಿ "ಒಂದು ದಿನಕ್ಕೆ ಏನಾಗುತ್ತದೆ, ತಿನ್ನು" ಎಂದು ಯಾರೋ ಹೇಳುತ್ತಾರೆ, ನೀವು ತಿನ್ನುತ್ತೀರಿ.

ಇದೆಯೆಂದು ಖಚಿತವಾದವರಿಗೆ ನಮ್ಮ ಕರಾವಳಿಯ ಅಡುಗೆಮನೆ ದೊಡ್ಡ ಅನುಗ್ರಹ. ದುಬಾರಿ ಗ್ಲುಟೆನ್‌ರಹಿತ ಬಿಸ್ಕತ್ತಿನ ಹಿಂದೆ ಓಡಬೇಕಾಗಿಲ್ಲ. ಅನ್ನ, ಪತ್ತಿರ್, ನೀರುದೋಸೆ, ಪುಂಡಿ, ಕೋರಿ ರೊಟ್ಟಿ, ಮೀನು, ಮಾಂಸ, ಮೊಟ್ಟೆ, ಕಾಳು, ತೆಂಗು, ರಾಗಿ, ಜೋಳ ಎಲ್ಲವೂ ಸರಿ. ಅಡಗಿಕೊಂಡು ಬರುವುದರ ಮೇಲೆ ಕಣ್ಣಿರಲಿ. ರವೆ, ಮೈದಾ, ಅಂಗಡಿಯ ಶ್ಯಾವಿಗೆ ಗೋಧಿಯವು. ಹಲೀಂ ಗೋಧಿಯದು. ಕಟ್ಲೆಟ್ಟಿಗೆ ಹೊರಳಿಸುವ ರಸ್ಕ್ ಪುಡಿ, ಸೋಯಾ ಸಾಸು, ಹಾರ್ಲಿಕ್ಸಿನಂಥ ಮಾಲ್ಟ್ ಪುಡಿಗಳು, ಡಬ್ಬಿಯ ಕೂಟು ಇಂಗಿನಲ್ಲಿ ಬೆರೆಸುವ ಗೋಧಿ ಹಿಟ್ಟು. ಹದೀಸ್‌ಗಳಲ್ಲಿ ಹೇಳಿರುವ ತಲ್ಬೀನಾ ಹಿತವಾದ ಆಹಾರ, ಆದರೆ ಅದು ಬಾರ್ಲಿಯದು. ಸೀಲಿಯಾಕ್ ಇರುವ ಮಗುವಿಗೆ ಕೊಡುವಂತಿಲ್ಲ, ಕೊಡದಿದ್ದರೆ ಶ್ರದ್ಧೆ ಕಡಿಮೆಯಾಯಿತೆಂದು ಯಾರೂ ನೊಂದುಕೊಳ್ಳಬೇಡಿ. ಪೊಟ್ಟಣದ ಮೇಲೆ ಗ್ಲುಟೆನ್‌ರಹಿತ ಎಂದು ಹಾಕಬೇಕಾದರೆ ನಮ್ಮ ದೇಶದ ನಿಯಮದಂತೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. ಇಷ್ಟು ಸ್ವಲ್ಪವೂ ಲೆಕ್ಕಕ್ಕೆ ಬರುತ್ತದೆ ಎಂದರೆ ಗಿರಣಿಯ ಮಾತು ನಿಮಗೆ ಅರ್ಥವಾಗುತ್ತದೆ: ಗೋಧಿ ಬೀಸಿದ ಕಲ್ಲಿನಲ್ಲೇ ಬೀಸಿದ ಅಕ್ಕಿ ಹಿಟ್ಟು ಈ ಮಗುವಿಗೆ ಆಗದು. ಅಕ್ಕಿಯನ್ನು ಮನೆಯಲ್ಲೇ ನೆನೆಸಿ ರುಬ್ಬಿ. ಪರೋಟ ಕಾಯಿಸಿದ ಕಾವಲಿಯ ಮೇಲೆ ಅವಳ ಪತ್ತಿರ್ ಹಾಕಬೇಡಿ.

ಕಾಪುವಿನ ಆ ಹುಡುಗಿ ಎಂಟು ವಾರ ಚಪಾತಿ ತಿಂದಳು. ರಕ್ತದಲ್ಲೂ ಕರುಳಿನ ಚೂರಿನಲ್ಲೂ ಸೀಲಿಯಾಕ್ ಖಚಿತವಾಯಿತು. ಈಗ ಇನ್ಸುಲಿನ್ನೂ ಇದೆ, ಗೋಧಿಯ ಪಥ್ಯವೂ ಇದೆ. ಸಕ್ಕರೆ ಏಕಾಏಕಿ ಇಳಿಯುವುದು ಕಡಿಮೆಯಾಗಿದೆ, ಈ ವರ್ಷ ಶಾಲೆಯ ಸಮವಸ್ತ್ರ ಹೊಸತು ಹೊಲಿಸಬೇಕಾಯಿತು. ಮನೆಯವರೆಲ್ಲರ ರಕ್ತ ತೆಗೆದದ್ದು ನಾನೇ. ಯಾವ ತೊಂದರೆಯೂ ಇಲ್ಲದೆ ದಿನಾ ಆಟದ ಬಯಲಿನಲ್ಲಿ ಓಡುತ್ತಿದ್ದ ಅವಳ ಏಳು ವರ್ಷದ ತಮ್ಮನ ವರದಿಯಲ್ಲೂ ಗುರುತು ಬಂತು. ಅವನು ಇನ್ನೂ ಗೋಧಿ ತಿನ್ನುತ್ತಿದ್ದ, ಆದ್ದರಿಂದ ಅವನಿಗೆ ಎಂಟು ವಾರ ಕಾಯಬೇಕಾಗಲಿಲ್ಲ.